ಹಳೇ ಪುಟ್ಟ ವಿಮಾನ: ರಿಪೇರಿಯಿಂದ ಹಾರಾಟದವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ವಿಮಾನ ಬಿಚ್ಚಿಕೊಂಡು ಕೂತವನು ಅಂತ ಗೊತ್ತಾದರೆ ಸಾಕು, ಎದುರಿಗೆ ಸಿಕ್ಕವರೆಲ್ಲ ಏನಾದರೊಂದು ಕೇಳುತ್ತಾರೆ. ಪತ್ರಗಳಲ್ಲೂ ಹೆಚ್ಚು ಕಡಿಮೆ ಅವೇ ಪ್ರಶ್ನೆಗಳು. ಅವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಜಾಸ್ತಿ ಕೆಲಸ ಮಾಡಿರುವುದು ಪೈಪರ್ ಕಬ್ ಮೇಲೆ, ಅಂದರೆ ಚೌಕಟ್ಟಿಗೆ ಬಟ್ಟೆ ಹೊದಿಸಿದ, ಇಬ್ಬರು ಕೂರುವ ಅಮೆರಿಕದ ಪುಟ್ಟ ವಿಮಾನ. ಹಾಗಾಗಿ ಉದಾಹರಣೆಗಳು ಆ ಕಡೆಗೇ ವಾಲುತ್ತವೆ, ಬೇಸರ ಮಾಡಿಕೊಳ್ಳಬೇಡಿ.

## ಶುರು ಮಾಡುವ ಮುಂಚೆ

ವಿಂಟೇಜ್ ಅಂದರೆ ಎಷ್ಟು ಹಳೆಯದಿರಬೇಕು?

ಒಬ್ಬೊಬ್ಬರದು ಒಂದೊಂದು ಲೆಕ್ಕ. ಅಮೆರಿಕದ ವಿಂಟೇಜ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಮೂರು ಗುಂಪು ಮಾಡಿದೆ. 1945ರ ಆಗಸ್ಟ್ 31ರವರೆಗೆ ತಯಾರಾದದ್ದು ಆಂಟಿಕ್. ಅಲ್ಲಿಂದ 1955ರ ಕೊನೆಯವರೆಗೆ ಕ್ಲಾಸಿಕ್. 1956ರಿಂದ 1970ರವರೆಗೆ ಕಂಟೆಂಪರರಿ. ಪ್ರದರ್ಶನದಲ್ಲಿ ಬಹುಮಾನ ಕೊಡುವಾಗ ಈ ಲೆಕ್ಕ ಬೇಕಾಗುತ್ತದೆ. ರಿಪೇರಿ ಮಾಡುವವನಿಗೆ ವಿಮಾನದ ವಯಸ್ಸಿಗಿಂತ ಅದು ಎಲ್ಲಿ, ಹೇಗೆ ನಿಂತಿತ್ತು ಅನ್ನುವುದೇ ಮುಖ್ಯ. ಒಣ ಹ್ಯಾಂಗರಿನಲ್ಲಿ ಅರವತ್ತು ವರ್ಷ ಇದ್ದ ವಿಮಾನ, ಮಳೆಯಲ್ಲಿ ಆರು ವರ್ಷ ನೆನೆದ ವಿಮಾನಕ್ಕಿಂತ ಎಷ್ಟೋ ವಾಸಿ.

ಮೊದಲ ಸಲ ಕೈ ಹಾಕುವವರಿಗೆ ಯಾವ ವಿಮಾನ ಒಳ್ಳೆಯದು?

ಜಾಸ್ತಿ ಸಂಖ್ಯೆಯಲ್ಲಿ ತಯಾರಾದದ್ದು. ಪೈಪರ್ ಜೆ-3 ಕಬ್ 1938ರಿಂದ 1947ರವರೆಗೆ ಸುಮಾರು 20 ಸಾವಿರ ತಯಾರಾದವು. ಅದರ ಡ್ರಾಯಿಂಗ್ ಸಿಗುತ್ತದೆ, ಹೊಸ ಬಿಡಿಭಾಗ ಸಿಗುತ್ತದೆ, ಮುಖ್ಯವಾಗಿ ಆ ಕೆಲಸ ಮೊದಲೇ ಮಾಡಿದವರು ಸಿಗುತ್ತಾರೆ. ಏರೊಂಕಾ ಚಾಂಪಿಯನ್, ಟೇಲರ್‌ಕ್ರಾಫ್ಟ್ ಕೂಡ ಇದೇ ಸಾಲಿನವು. ಸೆಸ್ನಾ 140ಯ ಒಡಲು ಅಲ್ಯೂಮಿನಿಯಂ, ಹಳೆಯ ಮಾದರಿಯಲ್ಲಿ ರೆಕ್ಕೆಗೆ ಮಾತ್ರ ಬಟ್ಟೆ.

ಒಂದರ ಮೇಲೊಂದು ರೆಕ್ಕೆ ಇರುವ ಟೈಗರ್ ಮಾತ್ ವಿಮಾನ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಅದಕ್ಕೆ ನಾಲ್ಕು ರೆಕ್ಕೆ ತುಂಡುಗಳು, ಅವುಗಳ ನಡುವೆ ಬಿಗಿಯುವ ತಂತಿಗಳು. ಬಟ್ಟೆ, ಹೊಲಿಗೆ, ಹೊಂದಾಣಿಕೆ ಎಲ್ಲವೂ ಹೆಚ್ಚು ಕಡಿಮೆ ಇಮ್ಮಡಿ. ಎರಡನೇ ವಿಮಾನಕ್ಕೆ ಇಟ್ಟುಕೊಳ್ಳಿ.

ನನಗೆ ವಿಮಾನ ಹಾರಿಸೋಕೆ ಬರಲ್ಲ. ರಿಪೇರಿ ಮಾಡಬಹುದಾ?

ಧಾರಾಳವಾಗಿ. ಸಾಮಾನ್ಯವಾಗಿ ಲೈಸೆನ್ಸ್ ಇರುವ ವಿಮಾನ ಎಂಜಿನಿಯರ್ ಒಬ್ಬರು ಹಂತ ಹಂತವಾಗಿ ನೋಡಿ ಸಹಿ ಹಾಕಬೇಕು. ಯಾವ ಕೆಲಸ ನೀವೇ ಮಾಡಬಹುದು, ಯಾವುದು ಅವರ ಕಣ್ಣೆದುರೇ ಆಗಬೇಕು ಅನ್ನುವುದು ನಿಮ್ಮ ದೇಶದ ನಿಯಮದ ಮೇಲೆ ಹೋಗುತ್ತದೆ. ಆ ಎಂಜಿನಿಯರನ್ನು ವಿಮಾನ ಕೊಳ್ಳುವ ಮುಂಚೆಯೇ ಹುಡುಕಿ. ಎಲ್ಲ ಮುಗಿಸಿ ಬಟ್ಟೆ ಹೊದಿಸಿದ ಮೇಲೆ ಕರೆದರೆ ಅವರು ಮೊದಲು ಹೇಳುವ ಮಾತು, "ಬಟ್ಟೆ ಬಿಚ್ಚಿ, ಒಳಗೆ ನೋಡಬೇಕು."

ಎಷ್ಟು ದಿನ ಹಿಡಿಯುತ್ತೆ?

ದಿನ ಅಲ್ಲ, ವರ್ಷ. ಎರಡು ವರ್ಷ ಅಂದುಕೊಂಡವರು ಐದು ವರ್ಷ ತೆಗೆದುಕೊಂಡದ್ದನ್ನು ಕಂಡಿದ್ದೇನೆ, ಅವರಲ್ಲಿ ನಾನೂ ಒಬ್ಬ. ವಾರಕ್ಕೆ ಒಂದೇ ದಿನ ಕೆಲಸ ಮಾಡುವವರಿಗೆ ಇನ್ನೊಂದು ತೊಂದರೆ: ಹೋದ ವಾರ ಎಲ್ಲಿ ನಿಲ್ಲಿಸಿದ್ದೆ ಅಂತ ಹುಡುಕುವುದರಲ್ಲೇ ಬೆಳಗ್ಗೆ ಕಳೆದುಹೋಗುತ್ತದೆ. ದಿನಾ ಅರ್ಧ ಗಂಟೆಯಾದರೂ ಮುಟ್ಟುವವರ ವಿಮಾನ ಬೇಗ ಹಾರುತ್ತದೆ.

ಕೊಳ್ಳುವಾಗ ಎಲ್ಲೆಲ್ಲಿ ನೋಡಬೇಕು? ಬಣ್ಣ ಚೆನ್ನಾಗಿದೆ ಅಂತ ತಗೊಂಡು ಮೋಸ ಹೋದೆ ಅಂತ ಸುಮಾರು ಜನ ಹೇಳ್ತಾರೆ.

ಬಣ್ಣವನ್ನು ಕೊನೆಗೆ ನೋಡಿ. ಮೊದಲು ಕಾಗದ ಪತ್ರ. ವಿಮಾನಕ್ಕೆ ಅಂಟಿಸಿದ ಡೇಟಾ ಪ್ಲೇಟಿನ ನಂಬರೂ ನೋಂದಣಿ ಪತ್ರದ ನಂಬರೂ ಒಂದೇ ಇರಬೇಕು. ಲಾಗ್‌ಬುಕ್ ಇಲ್ಲದ ವಿಮಾನದ ಚರಿತ್ರೆ ಯಾರಿಗೂ ಗೊತ್ತಿರುವುದಿಲ್ಲ. ಪ್ರತಿಯೊಂದು ಭಾಗವನ್ನೂ ಮೊದಲಿನಿಂದ ಪರೀಕ್ಷೆ ಮಾಡಬೇಕಾಗುತ್ತದೆ.

ಆಮೇಲೆ ನೆಲದ ಮೇಲೆ ಮಲಗಿ ಬಾಲದ ತುದಿ ನೋಡಿ. ಬಾಲ ಕೆಳಗಿರುವ ವಿಮಾನದಲ್ಲಿ ಒಳಗೆ ಹೋದ ನೀರೆಲ್ಲ ಹರಿದು ಅಲ್ಲೇ ನಿಲ್ಲುತ್ತದೆ. ಒಡಲಿನ ಕೆಳಗಿನ ಉದ್ದ ಪೈಪುಗಳು ಒಳಗಿನಿಂದ ತುಕ್ಕು ಹಿಡಿಯುವುದು ಅಲ್ಲಿಂದಲೇ. ರೆಕ್ಕೆಗೆ ಆಸರೆ ಕೊಡುವ ಓರೆ ಕಂಬಿ, ಅಂದರೆ ಸ್ಟ್ರಟ್, ಅದರ ಕೆಳತುದಿಯದೂ ಇದೇ ಕಥೆ. ಹೊರಗೆ ಬಣ್ಣ ಪಳಪಳ, ಒಳಗೆ ಹಪ್ಪಳ. ಪೈಪರ್ ಸ್ಟ್ರಟ್‌ಗಳನ್ನು ಆಗಾಗ ಪರೀಕ್ಷೆ ಮಾಡಲೇಬೇಕು ಅಂತ ಅಮೆರಿಕದ ವಾಯುಯಾನ ಇಲಾಖೆ 1993ರಲ್ಲಿ ಆದೇಶ ಹೊರಡಿಸಿತು. ಬಾಯಿ ಮುಚ್ಚಿ ಸೀಲ್ ಮಾಡಿದ ಹೊಸ ಸ್ಟ್ರಟ್ ಹಾಕಿದ್ದರೆ ಆ ಕಾಟ ಇಲ್ಲ. ಇದು ಕೇಳಲೇಬೇಕಾದ ಪ್ರಶ್ನೆ.

ಕೊನೆಗೆ ಮೂಗು. ರೆಕ್ಕೆಯ ತಪಾಸಣೆ ಕಿಂಡಿಗೆ ಮೂಗಿಟ್ಟು ನೋಡಿ. ಇಲಿ ವಾಸನೆ ಬಂದರೆ ಬೆಲೆ ಇಳಿಸಿ ಕೇಳಿ. ಇಲಿ ಉಚ್ಚೆ ರೆಕ್ಕೆಗೆ ಆಕಾರ ಕೊಡುವ ಅಲ್ಯೂಮಿನಿಯಂ ಪಕ್ಕೆಲುಬನ್ನೂ, ಅಂದರೆ ರಿಬ್ಬನ್ನೂ, ತಿನ್ನುತ್ತದೆ, ಉಕ್ಕಿನ ಪೈಪನ್ನೂ ತಿನ್ನುತ್ತದೆ. ನಾನು ಬಿಚ್ಚಿದ ಒಂದು ರೆಕ್ಕೆಯಲ್ಲಿ ಒಂದು ಬುಟ್ಟಿ ತುಂಬುವಷ್ಟು ಗೂಡು ಸಿಕ್ಕಿತು. ಅದರ ಕೆಳಗಿದ್ದ ಎರಡು ರಿಬ್ಬುಗಳು ಬೆರಳಲ್ಲಿ ಒತ್ತಿದರೆ ಪುಡಿಯಾದವು.

## ಬಿಚ್ಚುವುದು, ಒಳಗೆ ನೋಡುವುದು

ಎಲ್ಲ ಬಿಚ್ಚಿ ಹಾಕಿದ ಮೇಲೆ ಯಾವುದು ಎಲ್ಲಿತ್ತು ಅಂತ ನೆನಪಿರುತ್ತಾ?

ಇರುವುದಿಲ್ಲ. ಬಿಚ್ಚುವ ಮುಂಚೆ ಒಂದು ಫೋಟೊ, ಅರ್ಧ ಬಿಚ್ಚಿದಾಗ ಒಂದು, ಬಿಚ್ಚಿದ ಮೇಲೆ ಒಂದು. ಫೋಟೊ ಜಾಸ್ತಿಯಾಯಿತು ಅಂತ ಕೊರಗಿದವರನ್ನು ನಾನು ಕಂಡಿಲ್ಲ. ಪ್ರತಿ ಜೋಡಣೆಯ ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಚೀಲಕ್ಕೆ ಹಾಕಿ ಚೀಟಿ ಕಟ್ಟಿ. ಹಳೇ ಬಟ್ಟೆಯನ್ನು ಹರಿದು ಎಸೆಯಬೇಡಿ, ಹೊಲಿಗೆ ಬಿಚ್ಚಿ ಸುತ್ತಿಡಿ. ಎಲ್ಲಿ ಕಿಂಡಿ ಇತ್ತು, ಎಲ್ಲಿ ನೀರು ಸೋರುವ ತೂತಿತ್ತು ಅನ್ನುವುದಕ್ಕೆ ಅದೇ ನಕ್ಷೆ. ಹೊಸ ಭಾಗ ಕೂರಿಸಿ ಆಗುವವರೆಗೆ ಹಾಳಾದ ಹಳೆಯ ಭಾಗವೂ ಕಣ್ಣೆದುರೇ ಇರಲಿ.

ಎಪ್ಪತ್ತು ವರ್ಷದ ಮರದ ಸ್ಪಾರ್ ನಂಬಬಹುದಾ?

ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ತೊಲೆ ಸ್ಪಾರ್. ಬಹಳಷ್ಟು ಹಳೇ ವಿಮಾನಗಳಲ್ಲಿ ಅದು ಸ್ಪ್ರೂಸ್ ಮರದ್ದು. ಮರ ಬರೀ ವಯಸ್ಸಾಯಿತು ಅಂತ ಸೋಲುವುದಿಲ್ಲ. ತೇವ, ಪೆಟ್ಟು, ಸಡಿಲಾದ ಮೊಳೆ, ಇವೇ ಅದರ ಶತ್ರುಗಳು. ಒಣಗಿದ್ದು, ಸೀಳಿರದಿದ್ದರೆ ಹಳೇ ಸ್ಪಾರ್ ಇನ್ನೂ ಬಹಳ ಕಾಲ ಬಾಳುತ್ತದೆ.

ಹೆದರಬೇಕಾದ್ದು ಅದುಮಿದ ಬಿರುಕಿಗೆ. ರೆಕ್ಕೆ ತುದಿ ಎಲ್ಲೋ ನೆಲಕ್ಕೆ ಬಡಿದಿರುತ್ತದೆ, ಮೇಲೆ ಏನೂ ಕಾಣದೆ ಹಾರಿಸಿರುತ್ತಾರೆ. ಒಳಗೆ ಮರದ ಎಳೆಗಳು ಮುದುಡಿ, ಎಳೆಗೆ ಅಡ್ಡಲಾಗಿ ಕೂದಲಿನಷ್ಟು ಸಣ್ಣ ಗೆರೆ ಬಿದ್ದಿರುತ್ತದೆ. ನೇರ ಬೆಳಕಿನಲ್ಲಿ ಅದು ಕಾಣುವುದೇ ಇಲ್ಲ. ಟಾರ್ಚನ್ನು ಸ್ಪಾರ್‌ಗೆ ಒರಗಿಸಿ ಬೆಳಕು ಉದ್ದಕ್ಕೆ ಓಡುವಂತೆ ಹಿಡಿದರೆ ಗೆರೆಯ ನೆರಳು ಏಳುತ್ತದೆ. ಸ್ಟ್ರಟ್ ಬಂದು ಸೇರುವ ಜಾಗದ ಆಸುಪಾಸಿನಲ್ಲಿ ತಾಳ್ಮೆಯಿಂದ ಹುಡುಕಿ. ರಿಬ್ಬಿನ ಮೊಳೆಗಳು ಸಾಲಾಗಿ ಮೇಲೆದ್ದಿದ್ದರೆ ಅದೂ ಒಂದು ಸುಳಿವು. ಅಂಥ ಬಿರುಕಿಗೆ ಅಂಟು ಹಚ್ಚಿ ಮುಚ್ಚುವ ಮಾತೇ ಇಲ್ಲ.

ಅಂಟಿನ ವಿಷಯವೂ ಇದೆ. ಆ ಕಾಲದಲ್ಲಿ ಹಾಲಿನ ಕೇಸೀನಿನಿಂದ ಮಾಡಿದ ಅಂಟು ಬಳಸುತ್ತಿದ್ದರು. ತೇವ ತಾಗಿದರೆ ಅದಕ್ಕೆ ಬೂಷ್ಟು ಹಿಡಿದು ಜೋಡಣೆ ಬಿಟ್ಟುಕೊಳ್ಳುತ್ತದೆ.

ಪೈಪಿನ ಒಳಗಿನ ತುಕ್ಕು ಹೊರಗಿನಿಂದ ಹೇಗೆ ಗೊತ್ತಾಗುತ್ತೆ?

ಚೂಪಾದ ದಬ್ಬಳದಿಂದ ಜೋರಾಗಿ ಚುಚ್ಚಿ. ಗಟ್ಟಿ ಪೈಪಿಗೆ ಏನೂ ಆಗುವುದಿಲ್ಲ. ತೆಳುವಾಗಿದ್ದರೆ ತಗ್ಗು ಬೀಳುತ್ತದೆ, ಇಲ್ಲವೇ ದಬ್ಬಳ ಒಳಗೇ ಹೋಗುತ್ತದೆ. ಮರಳು ಊದಿ ಬಣ್ಣ ತೆಗೆಯುವಾಗ ಕೂಡ ಕೊಳೆತ ಜಾಗ ತಾನೇ ತೂತಾಗಿ ಕಾಣಿಸಿಕೊಳ್ಳುತ್ತದೆ. ಹಾಳಾದಷ್ಟು ಕತ್ತರಿಸಿ, ಒಳಗೊಂದು ತೋಳು ಪೈಪು ಕೂರಿಸಿ ಬೆಸೆಯುತ್ತಾರೆ. ಬೆಸುಗೆ ಆದ ಮೇಲೆ ಒಳಕ್ಕೆ ಅಗಸೆ ಎಣ್ಣೆ ಬಿಟ್ಟು, ಪೈಪನ್ನು ಹೊರಳಾಡಿಸಿ, ಮಿಕ್ಕಿದ್ದನ್ನು ಸುರಿದು, ಬಾಯಿ ಮುಚ್ಚುವುದು ಹಳೇ ಪದ್ಧತಿ. ಈಗಲೂ ಅದಕ್ಕಿಂತ ಸುಲಭದ್ದು ಇಲ್ಲ.

ಅದೇ ಅಳತೆಯ ಬೋಲ್ಟ್ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತಲ್ಲ?

ಅಳತೆ ಒಂದೇ ಇರಬಹುದು, ಉಕ್ಕು ಒಂದೇ ಅಲ್ಲ. ವಿಮಾನದ ಬೋಲ್ಟಿನ ತಲೆಯ ಮೇಲೆ ಗುರುತಿರುತ್ತದೆ, ಅದರ ಬಲಕ್ಕೆ ಲೆಕ್ಕವಿರುತ್ತದೆ. ಬೇರೆಯದು ಬೇಡ.

ಹಳೇ ಮೀಟರುಗಳು ಕತ್ತಲಲ್ಲಿ ಹೊಳೀತಿದ್ದವಂತೆ. ಬಿಚ್ಚಿ ಕ್ಲೀನ್ ಮಾಡಬಹುದಾ?

ಮುಟ್ಟಬೇಡಿ. ಆ ಹೊಳಪು ಬಹಳ ಸಲ ರೇಡಿಯಂ ಬಣ್ಣದ್ದು. ಹೊಳಪು ಸತ್ತಿದ್ದರೂ ರೇಡಿಯಂ ಸತ್ತಿಲ್ಲ, ಅದರ ಅರ್ಧಾಯುಷ್ಯವೇ ಸುಮಾರು 1600 ವರ್ಷ. ಹೊಳಪು ಕೊಡುತ್ತಿದ್ದ ಪುಡಿ ಕೆಟ್ಟಿದೆ ಅಷ್ಟೇ. ಗಾಜು ಮುಚ್ಚಿರುವವರೆಗೆ ಅಪಾಯ ಕಡಿಮೆ, ಬಿಚ್ಚಿದರೆ ಪುಡಿ ಉಸಿರಿಗೆ ಹೋಗುತ್ತದೆ. ಗೊತ್ತಿರುವ ವರ್ಕ್‌ಶಾಪಿಗೆ ಕಳಿಸಿ. ಹಳೇ ಹಳದಿ-ಹಸಿರು ಜಿಂಕ್ ಕ್ರೋಮೇಟ್ ಪ್ರೈಮರ್ ಉಜ್ಜುವಾಗಲೂ ಒಳ್ಳೇ ಮಾಸ್ಕ್ ಇರಲಿ, ಅದರ ಧೂಳು ಕ್ಯಾನ್ಸರ್ ತರುವಂಥದ್ದು.

## ಬಟ್ಟೆ ಮತ್ತು ಬಣ್ಣ

ಬಟ್ಟೆಯ ರೆಕ್ಕೆನಾ? ಗಾಳಿಗೆ ಹರಿದು ಹೋಗಲ್ವಾ?

ಎಲ್ಲರೂ ಬೆರಳಲ್ಲಿ ಒತ್ತಿ ನೋಡಿಯೇ ಈ ಪ್ರಶ್ನೆ ಕೇಳುತ್ತಾರೆ. ದಯವಿಟ್ಟು ಒತ್ತಬೇಡಿ! ಹೊಸ ಗ್ರೇಡ್-ಎ ಹತ್ತಿ ಬಟ್ಟೆಯ ಒಂದು ಇಂಚು ಅಗಲದ ಪಟ್ಟಿ 80 ಪೌಂಡ್, ಅಂದರೆ ಸುಮಾರು 36 ಕಿಲೊ ಎಳೆತ ತಡೆಯುತ್ತಿತ್ತು. ಅದು 56 ಪೌಂಡಿಗಿಂತ ಕೆಳಗಿಳಿದರೆ ಬಟ್ಟೆ ಬದಲಿಸಬೇಕಿತ್ತು. ಬಿಸಿಲೇ ಅದರ ಶತ್ರು. ಈಗ ಬಹುತೇಕ ಎಲ್ಲರೂ ಪಾಲಿಯೆಸ್ಟರ್ ಹೊದಿಸುತ್ತಾರೆ. ಬಿಸಿಲು ತಾಗದಂತೆ ಅಲ್ಯೂಮಿನಿಯಂ ಪುಡಿ ಬೆರೆಸಿದ ಬೆಳ್ಳಿ ಬಣ್ಣದ ಪದರ ಸರಿಯಾಗಿ ಕೊಟ್ಟರೆ, ಹ್ಯಾಂಗರಿನಲ್ಲಿ ನಿಲ್ಲಿಸಿದರೆ, 20 ವರ್ಷ ದಾಟುವುದು ಕಷ್ಟವಲ್ಲ. ರೆಕ್ಕೆಯೊಳಗೆ ಬಲ್ಬ್ ಹಿಡಿದು ಹೊರಗಿನಿಂದ ನೋಡಿ. ಬೆಳಕು ಕಂಡರೆ ಬೆಳ್ಳಿ ಪದರ ಸಾಲದು.

ಅಂಟೊಂದೇ ಬಟ್ಟೆಯನ್ನು ಹಿಡಿದಿಡುವುದಿಲ್ಲ. ಹಾರುವಾಗ ರೆಕ್ಕೆಯ ಮೇಲ್ಮೈಯನ್ನು ಗಾಳಿ ಮೇಲಕ್ಕೆ ಎಳೆಯುತ್ತದೆ. ಅದಕ್ಕೇ ಪ್ರತಿ ರಿಬ್ಬಿಗೂ ಬಟ್ಟೆಯನ್ನು ಮೇಣ ಹಚ್ಚಿದ ದಾರದಿಂದ ಹೊಲಿಯಬೇಕು. ಹನ್ನೆರಡು ಇಂಚಿನ ಸೂಜಿ, ಮೇಲೊಬ್ಬರು ಕೆಳಗೊಬ್ಬರು. ಪ್ರತಿ ಹೊಲಿಗೆಗೂ ಜಾರದ ಗಂಟು. ಪ್ರೊಪೆಲ್ಲರಿನ ಗಾಳಿ ನೇರವಾಗಿ ಹೊಡೆಯುವ ಕಡೆ ಹೊಲಿಗೆ ಇನ್ನೂ ಹತ್ತಿರ ಹತ್ತಿರ ಬರುತ್ತದೆ. ಎರಡು ರೆಕ್ಕೆಗೆ ನೂರಾರು ಗಂಟುಗಳು. ಇಡೀ ಕೆಲಸದಲ್ಲಿ ನನಗೆ ಅತಿ ಹಿಡಿಸಿದ್ದು ಇದೇ. ಎದುರಿಗೆ ಕೂತವರು ಹರಟೆಮಲ್ಲರಾದರೆ ಸಂಜೆ ಆದದ್ದೇ ತಿಳಿಯುವುದಿಲ್ಲ.

ಇಸ್ತ್ರಿ ಪೆಟ್ಟಿಗೆಯಿಂದ ಬಟ್ಟೆ ಬಿಗಿ ಮಾಡ್ತಾರೆ ಅಂದ್ರು, ತಮಾಷೆ ತಾನೇ?

ತಮಾಷೆ ಅಲ್ಲ. ಪಾಲಿಯೆಸ್ಟರ್ ಬಿಸಿಗೆ ಕುಗ್ಗುತ್ತದೆ. ಮೊದಲು ಸುಮಾರು 120 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇಡೀ ರೆಕ್ಕೆಗೆ ಒಂದು ಸುತ್ತು, ಕೊನೆಯ ಸುತ್ತು ಸುಮಾರು 177 ಡಿಗ್ರಿಯಲ್ಲಿ. ಇನ್ನೂ ಬಿಸಿಯಾದರೆ ಬಿಗಿ ಬಿಟ್ಟುಕೊಳ್ಳುತ್ತದೆ, ಆಮೇಲೆ ಕರಗುತ್ತದೆ. ಪೆಟ್ಟಿಗೆಯ ಮೇಲೆ ಬರೆದ "ಹತ್ತಿ", "ರೇಷ್ಮೆ" ಗುರುತುಗಳನ್ನು ನಂಬದೆ ಥರ್ಮಾಮೀಟರ್ ಇಟ್ಟು ಅಳೆದುಕೊಳ್ಳಿ. ಒಂದೇ ಕಡೆಯಿಂದ ಎಳೆಯುತ್ತಾ ಹೋದರೆ ತೆಳು ರಿಬ್ಬುಗಳು ಸೊಟ್ಟಗಾಗುತ್ತವೆ. ಅಲ್ಲಿಷ್ಟು ಇಲ್ಲಿಷ್ಟು ಅಂತ ಸಮವಾಗಿ ಬಿಗಿ ಮಾಡಿ.

ಹತ್ತಿ ಬಟ್ಟೆಯ ಕಾಲದಲ್ಲಿ ಈ ಕೆಲಸ ಮಾಡುತ್ತಿದ್ದದ್ದು ಡೋಪ್ ಅನ್ನುವ ಲೇಪ. ಅದರಲ್ಲಿ ನೈಟ್ರೇಟ್ ಡೋಪ್ ಬೆಂಕಿಗೆ ಪೆಟ್ರೋಲಿನ ಅಣ್ಣ. ಬಳಸುವುದೇ ಆದರೆ ಕಿಡಿ, ಹೀಟರ್, ಸಿಗರೇಟು ಯಾವುದೂ ಹತ್ತಿರ ಸುಳಿಯಬಾರದು.

ಇನ್ನೆರಡು ಕೋಟ್ ಬಣ್ಣ ಹೊಡೆದರೆ ಕನ್ನಡಿ ತರ ಆಗುತ್ತೆ ಅಲ್ವಾ?

ಆಗುತ್ತದೆ, ಭಾರವೂ ಆಗುತ್ತದೆ. ಜೆ-3 ಕಬ್ ವಿಮಾನದ ಖಾಲಿ ತೂಕ ಸುಮಾರು 345 ಕಿಲೊ, ಹಾರಲು ಗರಿಷ್ಠ ಮಿತಿ 553 ಕಿಲೊ. ಟ್ಯಾಂಕ್ ತುಂಬಿದರೆ 45 ಲೀಟರ್ ಪೆಟ್ರೋಲಿಗೆ 33 ಕಿಲೊ ಹೋಯಿತು. ಇಬ್ಬರು ಮನುಷ್ಯರಿಗೆ ಉಳಿಯುವುದು 175 ಕಿಲೊ. ಬಣ್ಣ, ಮೆತ್ತನೆ ಸೀಟು, ಕಾರ್ಪೆಟ್ ಅಂತ ಇಪ್ಪತ್ತು ಕಿಲೊ ಸೇರಿಸಿದರೆ ಜೊತೆಗೆ ಬರುವವರಿಗೆ ಜಾಗವಿದ್ದೂ ಜಾಗವಿಲ್ಲ. 65 ಕುದುರೆಶಕ್ತಿಯ ಇಂಜಿನ್ನಿಗೆ ಒಂದೊಂದು ಕಿಲೊ ಗೊತ್ತಾಗುತ್ತದೆ.

## ಇಂಜಿನ್

ಇಪ್ಪತ್ತು ವರ್ಷ ನಿಂತ ಇಂಜಿನ್. ಕೈಯಲ್ಲಿ ತಿರುಗುತ್ತೆ. ಸ್ಟಾರ್ಟ್ ಮಾಡಿ ನೋಡಲಾ?

ಬೇಡ. ತಿರುಗುತ್ತದೆ ಅಂದಮಾತ್ರಕ್ಕೆ ಒಳಗೆ ಸರಿಯಿದೆ ಅಂತಲ್ಲ. ನಿಂತ ಇಂಜಿನ್ನಿನಲ್ಲಿ ವಾಲ್ವ್ ತೆರೆಸುವ ಕ್ಯಾಮ್ ಶಾಫ್ಟಿನ ಮೇಲೆ, ಉಕ್ಕಿನ ಸಿಲಿಂಡರ್ ಗೋಡೆಯ ಮೇಲೆ ತುಕ್ಕಿನ ಚುಕ್ಕೆ ಬಿದ್ದಿರುತ್ತದೆ. ಸ್ಟಾರ್ಟ್ ಮಾಡಿದರೆ ಆ ತುಕ್ಕು ಅರೆಯುವ ಪುಡಿಯಾಗಿ ಎಣ್ಣೆಯ ಜೊತೆ ಎಲ್ಲ ಕಡೆ ಓಡಾಡುತ್ತದೆ. ಪ್ಲಗ್ ತೆಗೆದು ಸಣ್ಣ ಕ್ಯಾಮೆರಾ ಇಳಿಸಿ ನೋಡಿ. ನನ್ನನ್ನು ಕೇಳಿದರೆ, ಇಪ್ಪತ್ತು ವರ್ಷ ನಿಂತದ್ದನ್ನು ಪೂರ್ತಿ ಬಿಚ್ಚುವುದೇ ಅಗ್ಗ.

ಓಡುತ್ತಿರುವ ಇಂಜಿನ್ನಾದರೆ ಕಂಪ್ರೆಷನ್ ಪರೀಕ್ಷೆ ಬಹಳ ಹೇಳುತ್ತದೆ. ಸಿಲಿಂಡರಿಗೆ 80 ಪಿಎಸ್‌ಐ (ಚದರ ಇಂಚಿಗೆ 80 ಪೌಂಡ್) ಒತ್ತಡದ ಗಾಳಿ ಕೊಟ್ಟು ಎಷ್ಟು ಉಳಿಯುತ್ತದೆ ಅಂತ ನೋಡುವುದು. ಗಾಳಿ ಸೋರಿದರೆ ಕಿವಿ ಕೊಡಿ. ಸೈಲೆನ್ಸರಿನಲ್ಲಿ ಬುಸ್ ಅಂದರೆ ಎಕ್ಸಾಸ್ಟ್ ವಾಲ್ವ್. ಕಾರ್ಬ್ಯುರೇಟರಿನಲ್ಲಿ ಅಂದರೆ ಇನ್‌ಟೇಕ್ ವಾಲ್ವ್. ಎಣ್ಣೆ ಹಾಕುವ ಬಾಯಲ್ಲಿ ಕೇಳಿಸಿದರೆ ಪಿಸ್ಟನ್ ರಿಂಗ್.

ಇಂಥ ವಿಮಾನದಲ್ಲಿ ಬ್ಯಾಟರಿನೇ ಇರಲ್ಲವಂತೆ, ಕಿಡಿ ಎಲ್ಲಿಂದ ಬರುತ್ತೆ?

ಮ್ಯಾಗ್ನೆಟೊದಿಂದ. ಒಳಗೆ ಕಾಯಂ ಅಯಸ್ಕಾಂತ ತಿರುಗುತ್ತದೆ, ಕಾಯಿಲಿನಲ್ಲಿ ವಿದ್ಯುತ್ ಹುಟ್ಟುತ್ತದೆ. ಇಂಜಿನ್ ತಿರುಗುವವರೆಗೆ ಕಿಡಿ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಎರಡು ಮ್ಯಾಗ್ನೆಟೊ, ಪ್ರತಿ ಸಿಲಿಂಡರಿಗೆ ಎರಡು ಪ್ಲಗ್. ಹಳೇ ಕಾಯಿಲಿಗೆ ಒಂದು ಕೆಟ್ಟ ಗುಣ: ತಣ್ಣಗಿದ್ದಾಗ ಸರಿಯಾಗಿರುತ್ತದೆ, ಇಂಜಿನ್ ಕಾದ ಮೇಲೆ ಕೈಕೊಡುತ್ತದೆ. ನೆಲದ ಮೇಲೆ ಎರಡು ನಿಮಿಷ ಓಡಿಸಿ ಸಮಾಧಾನಪಟ್ಟುಕೊಂಡರೆ ಇದು ಸಿಕ್ಕುವುದೇ ಇಲ್ಲ.

ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿ ಸ್ಟಾರ್ಟ್ ಮಾಡೋದು ಅಪಾಯ ಅಲ್ವಾ?

ಅಪಾಯವೇ. ಬಲ್ಲವರ ಪಕ್ಕ ನಿಂತು ಕಲಿಯಬೇಕು, ಓದಿ ಕಲಿಯುವಂಥದ್ದಲ್ಲ. ಒಂದು ವಿಷಯ ಮಾತ್ರ ಇಲ್ಲಿ ಹೇಳುತ್ತೇನೆ. ಮ್ಯಾಗ್ನೆಟೊ ಸ್ವಿಚ್ ಆಫ್ ಅಂದರೆ ವಿದ್ಯುತ್ ಕಡಿದಂತೆ ಅಲ್ಲ, ಮ್ಯಾಗ್ನೆಟೊವನ್ನು ಅರ್ತ್ ಮಾಡಿದಂತೆ. ಆ ಅರ್ತ್ ವೈರ್ ತುಂಡಾಗಿದ್ದರೆ ಸ್ವಿಚ್ ಆಫ್ ತೋರಿಸುತ್ತದೆ, ಕಿಡಿ ಮಾತ್ರ ಬರುತ್ತಲೇ ಇರುತ್ತದೆ. ಸುಮ್ನೆ ಒರೆಸಲು ಅಲುಗಿಸಿದ ಪ್ರೊಪೆಲ್ಲರ್ ಕೂಡ ಇಂಜಿನ್ ಎಬ್ಬಿಸಬಹುದು. ಹಾಗಾಗಿ ಯಾವ ಪ್ರೊಪೆಲ್ಲರನ್ನೂ ಸತ್ತದ್ದು ಅಂದುಕೊಳ್ಳಬೇಡಿ. ಚಕ್ರಕ್ಕೆ ಅಡ್ಡಗಟ್ಟೆ, ಬಾಲಕ್ಕೆ ಹಗ್ಗ, ಒಳಗೆ ಬ್ರೇಕ್ ಹಿಡಿಯಬಲ್ಲ ಒಬ್ಬರು, ಇಷ್ಟಿಲ್ಲದೆ ಶುರು ಮಾಡಬೇಡಿ.

ಕಾರಿನ ಪೆಟ್ರೋಲ್ ಹಾಕಬಹುದಾ?

ಈ ಇಂಜಿನ್‌ಗಳಲ್ಲಿ ಹಲವು 80/87 ಅನ್ನುವ ಕಡಿಮೆ ಆಕ್ಟೇನ್ ಪೆಟ್ರೋಲಿಗಾಗಿ, ಇನ್ನು ಕೆಲವು ಅದಕ್ಕಿಂತಲೂ ಕಡಿಮೆಯದಕ್ಕಾಗಿ ಹುಟ್ಟಿದವು. ಈಗ ಸಿಗುವ 100ಎಲ್‌ಎಲ್ ಅನ್ನುವ ವಿಮಾನದ ಪೆಟ್ರೋಲಿನಲ್ಲಿ ಹಳೆಯ 80/87ಗಿಂತ ಸುಮಾರು ನಾಲ್ಕು ಪಟ್ಟು ಸೀಸ ಇರಬಹುದು. ಪ್ಲಗ್ ತುದಿಯಲ್ಲಿ ಸೀಸದ ಗುಳ್ಳೆ ಕಟ್ಟುತ್ತದೆ, ವಾಲ್ವ್ ಅಂಟಿಕೊಳ್ಳುತ್ತದೆ. ಹಾಗಾಗಿ ಕಾರಿನ ಪೆಟ್ರೋಲ್ ಕೆಲವು ಇಂಜಿನ್‌ಗೆ ನಿಜಕ್ಕೂ ಹಿತ. ಆದರೆ ಎರಡು ಷರತ್ತು: ನಿಮ್ಮ ವಿಮಾನಕ್ಕೆ ಲಿಖಿತ ಅನುಮತಿ ಇರಬೇಕು, ಪೆಟ್ರೋಲಿನಲ್ಲಿ ಎಥೆನಾಲ್ ಇರಬಾರದು. ಎಥೆನಾಲ್ ನೀರು ಹೀರುತ್ತದೆ, ಹಳೇ ರಬ್ಬರ್ ಕೆಡಿಸುತ್ತದೆ, ಇಂಧನದ ಮಟ್ಟ ತೋರಿಸುವ ಬಿರಡೆಗೆ ಹಚ್ಚಿದ ಅರಗಿನ ವಾರ್ನಿಷ್ ಕರಗಿಸುತ್ತದೆ. ಬಿರಡೆ ಮುಳುಗಿತು ಅಂದರೆ ಮಟ್ಟದ ಲೆಕ್ಕವೂ ಮುಳುಗಿತು.

ಮರದ ಪ್ರೊಪೆಲ್ಲರಿಗೆ ವಿಶೇಷ ಆರೈಕೆ ಬೇಕಾ?

ನಿಲ್ಲಿಸುವಾಗ ಅಡ್ಡಲಾಗಿರಲಿ. ನೇರವಾಗಿ ನಿಲ್ಲಿಸಿದರೆ ತೇವ ಕೆಳಗಿನ ತುದಿಗೆ ಇಳಿದು ಒಂದು ಕಡೆ ಭಾರವಾಗುತ್ತದೆ. ಮಳೆಗಾಲ, ಬೇಸಿಗೆ ಬದಲಾದಾಗ ಮರ ಹಿಗ್ಗಿ ಕುಗ್ಗುತ್ತದೆ, ಆಗ ಬೋಲ್ಟಿನ ಬಿಗಿ ಮತ್ತೆ ನೋಡಬೇಕು.

## ಮೊದಲ ಹಾರಾಟ ಮತ್ತು ಆಮೇಲೆ

ಎಲ್ಲ ಜೋಡಿಸಿ ಆಯ್ತು. ಹಾರುವ ಮುಂಚೆ ಏನು ನೋಡದೆ ಬಿಡಬಾರದು?

ಹಾರಿಸುವವರು ಹಿಡಿಯುವ ಕೋಲು, ಅಂದರೆ ಸ್ಟಿಕ್, ಎಡಕ್ಕೆ ವಾಲಿಸಿದರೆ ಎಡ ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಹಲಗೆ, ಅಂದರೆ ಐಲೆರಾನ್, ಮೇಲೇಳುತ್ತದಾ ಅಂತ. ನಗಬೇಡಿ. 1947ರ ಆಗಸ್ಟ್ 23ರಂದು ಅವ್ರೊ ಟ್ಯೂಡರ್ ವಿಮಾನ ಏರುತ್ತಿದ್ದಂತೆಯೇ ಬಿದ್ದಿತು. ಐಲೆರಾನ್ ಕೇಬಲ್‌ಗಳನ್ನು ಅದಲು ಬದಲು ಜೋಡಿಸಿದ್ದರು. ಸತ್ತವರಲ್ಲಿ ಪ್ರಸಿದ್ಧ ಲ್ಯಾಂಕಾಸ್ಟರ್ ಬಾಂಬರ್ ವಿನ್ಯಾಸ ಮಾಡಿದ ರಾಯ್ ಚಾಡ್ವಿಕ್ ಕೂಡ ಇದ್ದರು. ಅಂಥವರು ಕೂತ ವಿಮಾನದಲ್ಲೇ ತಪ್ಪಿ ಹೋದದ್ದು ನಮ್ಮ ಶೆಡ್ಡಿನಲ್ಲಿ ತಪ್ಪದೆ ಇರುತ್ತದಾ? ಸುಲಭದ ಉಪಾಯ: ಸ್ಟಿಕ್ ಹಿಡಿದು ಹೆಬ್ಬೆರಳು ಮೇಲೆ ಮಾಡಿ. ಸ್ಟಿಕ್ ವಾಲಿಸಿದಾಗ ಹೆಬ್ಬೆರಳು ತೋರಿಸುವ ಕಡೆಯ ಐಲೆರಾನ್ ಮೇಲಿರಬೇಕು. ನೀವು ನೋಡಿದ ಮೇಲೆ, ಜೋಡಿಸುವಾಗ ಅಲ್ಲಿಲ್ಲದ ಇನ್ನೊಬ್ಬರೂ ನೋಡಲಿ. ಜೋಡಿಸಿದವರ ಕಣ್ಣಿಗೆ ಸರಿಯಾದದ್ದೇ ಕಾಣುತ್ತದೆ.

ಎರಡನೆಯದು ಪೆಟ್ರೋಲ್ ಹರಿವು. ಪಂಪಿಲ್ಲದೆ ಇಳಿಜಾರಿಗೆ ಹರಿಯುವ ವ್ಯವಸ್ಥೆಯಾದರೆ, ಏರುವಾಗ ಮೂಗು ಎಷ್ಟು ಎತ್ತಿರುತ್ತದೋ ಅಷ್ಟೇ ಎತ್ತಿಟ್ಟು, ಟ್ಯಾಂಕಿನಲ್ಲಿ ಸ್ವಲ್ಪವೇ ಪೆಟ್ರೋಲ್ ಬಿಟ್ಟು, ಪೈಪು ಕಳಚಿ ಡಬ್ಬಕ್ಕೆ ಹಿಡಿದು ಅಳೆಯಿರಿ. ಪೂರ್ತಿ ಶಕ್ತಿಯಲ್ಲಿ ಇಂಜಿನ್ ಕುಡಿಯುವುದರ ಒಂದೂವರೆ ಪಟ್ಟು ಬರಬೇಕು. ಮುಚ್ಚಳದ ಗಾಳಿ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದ್ದರೆ ಐದು ನಿಮಿಷ ಚೆನ್ನಾಗಿ ಹರಿದು ಆಮೇಲೆ ನಿಲ್ಲುತ್ತದೆ. ಅದಕ್ಕೇ ಪರೀಕ್ಷೆಯನ್ನು ಮುಚ್ಚಳ ಹಾಕಿಯೇ ಮಾಡಿ.

ಮೂರನೆಯದು ತೂಕ. ಬಾಲ ಎತ್ತಿ ಹಾರುವ ಭಂಗಿಯಲ್ಲಿ ನಿಲ್ಲಿಸಿ, ಮೂರು ತಕ್ಕಡಿಯ ಮೇಲೆ ತೂಗಿ, ಭಾರದ ಕೇಂದ್ರ ಲೆಕ್ಕ ಹಾಕಬೇಕು. ಹಳೇ ಕಾಗದದ ಅಂಕಿ ಇನ್ನು ನಿಮ್ಮ ವಿಮಾನದ್ದಲ್ಲ.

ಮೊದಲ ಹಾರಾಟ ನಾನೇ ಮಾಡಬೇಕು ಅಂತ ಆಸೆ. ತಪ್ಪಾ?

ಆಸೆ ತಪ್ಪಲ್ಲ. ಆದರೆ ಐದು ವರ್ಷ ಶೆಡ್ಡಿನಲ್ಲಿ ಕಳೆದವರು ಹಾರುವ ಅಭ್ಯಾಸ ಬಿಟ್ಟು ಐದು ವರ್ಷ ಆಗಿರುತ್ತದೆ. ಅದೇ ಮಾದರಿಯಲ್ಲಿ ಈಚೆಗೆ ಹಾರಿದವರಿಗೆ ಬಿಟ್ಟುಕೊಡಿ. ನಾನು ಕೊಟ್ಟೆ. ಕೆಳಗೆ ನಿಂತು ನೋಡುವಾಗ ನನ್ನ ವಿಮಾನ ಹೇಗೆ ಕಾಣುತ್ತದೆ ಅಂತ ಅವತ್ತೇ ಗೊತ್ತಾದದ್ದು.

ಬಾಲಚಕ್ರದ ವಿಮಾನ ಇಳಿಸೋದು ಯಾಕೆ ಅಷ್ಟು ಕಷ್ಟ ಅಂತಾರೆ?

ಭಾರದ ಕೇಂದ್ರ ಮುಖ್ಯ ಚಕ್ರಗಳ ಹಿಂದಿರುತ್ತದೆ, ಅದಕ್ಕೆ. ಬಾಣವನ್ನು ಹಿಂದುಮುಂದಾಗಿ ಎಸೆದು ನೋಡಿ, ಭಾರದ ತುದಿ ಮುಂದೆ ಬರಲು ತಿರುಗುತ್ತದೆ. ನೆಲದ ಮೇಲೆ ಓಡುವ ಬಾಲಚಕ್ರದ ವಿಮಾನವೂ ಹಾಗೆಯೇ. ಸ್ವಲ್ಪ ಸೊಟ್ಟಗಾದರೆ ಭಾರ ಅದನ್ನು ಇನ್ನೂ ಸೊಟ್ಟ ಮಾಡುತ್ತದೆ, ಕೊನೆಗೆ ಗಿರ್ರನೆ ತಿರುಗಿಸಿ ಬಿಡುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಅಂತಾರೆ. ಸ್ಟ್ರಟ್, ರೆಕ್ಕೆ ತುದಿ, ಚಕ್ರದ ಕಾಲು ಮುರಿಯುವುದು ಹೀಗೆಯೇ. ಸೊಟ್ಟಗಾದದ್ದು ಕಣ್ಣಿಗೆ ಕಾಣುವ ಮುಂಚೆ, ಮೂಗನ್ನು ಎಡ ಬಲಕ್ಕೆ ತಿರುಗಿಸುವ ರಡ್ಡರ್ ಪೆಡಲನ್ನು ಕಾಲು ಒತ್ತಿರಬೇಕು. ಚಕ್ರ ನೆಲಕ್ಕೆ ಮುಟ್ಟಿತು, ಇನ್ನು ಮುಗಿಯಿತು ಅಂತ ಉಸಿರು ಬಿಡುವ ಹೊತ್ತಿನಲ್ಲೇ ಅದು ಕಾದಿರುತ್ತದೆ. ವಿಮಾನ ಪೂರ್ತಿ ನಿಲ್ಲುವವರೆಗೆ ಹಾರಿಸುತ್ತಲೇ ಇರಿ.

ಏರುವಾಗ ಇನ್ನೊಂದು ವರಸೆ. ಕಬ್ ವಿಮಾನದ ಕಾಂಟಿನೆಂಟಲ್ ಇಂಜಿನ್ ಮೂಗನ್ನು ಎಡಕ್ಕೆ ಎಳೆಯುತ್ತದೆ. ಟೈಗರ್ ಮಾತ್ ವಿಮಾನದ ಜಿಪ್ಸಿ ಮೇಜರ್ ಇಂಜಿನ್ ಉಲ್ಟಾ ತಿರುಗುತ್ತದೆ, ಬಲಕ್ಕೆ ಎಳೆಯುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋದವರ ಕಾಲು ಮೊದಲ ದಿನ ತಬ್ಬಿಬ್ಬಾಗುತ್ತದೆ.

ಬಿಸಿಲಿನ ದಿನ ಕಾರ್ಬ್ಯುರೇಟರಿನಲ್ಲಿ ಐಸ್ ಕಟ್ಟುತ್ತೆ ಅಂದ್ರು. ನಂಬಬಹುದಾ?

ನಂಬಿ. ಪೆಟ್ರೋಲ್ ಆವಿಯಾಗುವಾಗ ಗಾಳಿ ಒಮ್ಮೆಲೇ ತಣ್ಣಗಾಗುತ್ತದೆ, ಅದರಲ್ಲಿದ್ದ ತೇವ ಒಳಗೋಡೆಗೆ ಐಸಾಗಿ ಅಂಟುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ 25-30 ಡಿಗ್ರಿಯಲ್ಲೂ ಆಗಬಹುದು, ಅದರಲ್ಲೂ ಶಕ್ತಿ ಕಡಿಮೆ ಮಾಡಿ ಇಳಿಯುವಾಗ. ಆರ್‌ಪಿಎಂ ಮೆಲ್ಲಗೆ ಇಳಿಯುವುದೇ ಸೂಚನೆ. ಬಿಸಿ ಗಾಳಿಯ ಗುಂಡಿ ಎಳೆದರೆ ಕರಗಿದ ನೀರು ಒಳಗೆ ಹೋಗಿ ಇಂಜಿನ್ ಕೆಮ್ಮುತ್ತದೆ. ಹೆದರಿ ಗುಂಡಿ ವಾಪಸ್ ತಳ್ಳಬೇಡಿ, ಕೆಮ್ಮಿ ಸರಿಹೋಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಹಾರುವಾಗ ಹೇಗಿರುತ್ತೆ?

ನಿಧಾನ. ಕಬ್ ವಿಮಾನದ ವೇಗ ಗಂಟೆಗೆ 120 ಕಿಲೊಮೀಟರ್, ಎದುರು ಗಾಳಿ ಇದ್ದರೆ ಕೆಳಗಿನ ರಸ್ತೆಯ ಕಾರುಗಳು ಮುಂದೆ ಹೋಗುತ್ತವೆ. ಒಬ್ಬರೇ ಇದ್ದರೆ ಹಿಂದಿನ ಸೀಟಿನಲ್ಲಿ ಕೂರಬೇಕು, ಭಾರದ ಲೆಕ್ಕ ಹಾಗಿದೆ. ಬಲಗಡೆಯ ಬಾಗಿಲು ಎರಡು ಹೋಳು, ಹಾರುವಾಗ ತೆರೆದೇ ಇಡಬಹುದು. ಹುಲ್ಲಿನ ವಾಸನೆ ಮೇಲಕ್ಕೂ ಬರುತ್ತದೆ. ಪೆಟ್ರೋಲಿನ ಮೀಟರ್ ಇಲ್ಲ. ಮುಂದಿನ ಗಾಜಿನ ಆಚೆ, ಟ್ಯಾಂಕಿನ ಮುಚ್ಚಳದಿಂದ ಒಂದು ತಂತಿ ಮೇಲೆದ್ದಿರುತ್ತದೆ, ಅದರ ಕೆಳತುದಿಗೆ ಆ ಬಿರಡೆ. ಪೆಟ್ರೋಲ್ ಇಳಿದಂತೆ ತಂತಿಯೂ ಕುಣಿಯುತ್ತಾ ಇಳಿಯುತ್ತದೆ. ಅದು ಅರ್ಧಕ್ಕೆ ಬಂದರೆ ನಾನು ವಾಪಸ್ ತಿರುಗುತ್ತೇನೆ.